ಎರಡು ಸಿಪಿಎಲ್‌ಗಳಿಂದ ಒಂದು ವೇರಿಯಬಲ್ ಎನ್‌ಡಿ: ಮುಂದಿನ ಗಾಜನ್ನು ತಿರುವಿ ಕೂರಿಸಿದ ಕೆಲಸದ ದಾಖಲೆ

ಬಿಸಿಲಿನಲ್ಲಿ ವಿಡಿಯೊ ತೆಗೆಯುವವರಿಗೆ ಶಟರ್ ವೇಗವನ್ನು ಬೇಕಾದಂತೆ ಏರಿಸಿಕೊಳ್ಳುವ ಅವಕಾಶ ಇರುವುದಿಲ್ಲ. ಸೆಕೆಂಡಿಗೆ 25 ಫ್ರೇಮ್‌ಗಳಲ್ಲಿ ಚಿತ್ರೀಕರಿಸುವಾಗ ಚಲನೆ ಕಣ್ಣಿಗೆ ಸಹಜವಾಗಿ ಕಾಣಬೇಕಾದರೆ ಶಟರ್ 1/50 ಸೆಕೆಂಡಿನ ಆಸುಪಾಸಿನಲ್ಲಿರಬೇಕು. 50 ಫ್ರೇಮ್‌ಗಳಿಗೆ ಅದು 1/100. ನಿಚ್ಚಳ ಬಿಸಿಲಿಗೆ ಸೆನ್ಸರಿನ ಸಂವೇದನೆ ಐಎಸ್‌ಒ 100, ಲೆನ್ಸಿನ ಕಂಡಿ ಎಫ್/16, ಶಟರ್ 1/100 ಎಂಬ ಹಳೆಯ ಲೆಕ್ಕ ಇಂದಿಗೂ ಸರಿಹೋಗುತ್ತದೆ. ಅದೇ ಬಿಸಿಲಿನಲ್ಲಿ ಹಿನ್ನೆಲೆಯನ್ನು ಮಸುಕಾಗಿಸಲು ಕಂಡಿಯನ್ನು ಎಫ್/2.8ಕ್ಕೆ ಅಗಲಿಸಿದರೆ ಐದು ಸ್ಟಾಪ್ (ಒಂದೊಂದು ಸ್ಟಾಪಿಗೂ ಇಮ್ಮಡಿ) ಬೆಳಕು ಹೆಚ್ಚಾಗಿ ಶಟರ್ 1/3200ಕ್ಕೆ ಏರುತ್ತದೆ. ಅಲ್ಲಿಂದ 1/100ಕ್ಕೆ ಇಳಿಯಲು ಐದು ಸ್ಟಾಪ್, 1/50ಕ್ಕೆ ಇಳಿಯಲು ಆರು ಸ್ಟಾಪ್ ಬೆಳಕನ್ನು ಲೆನ್ಸಿನ ಮುಂದೆಯೇ ತಡೆಯಬೇಕಾಗುತ್ತದೆ. ಆರು ಸ್ಟಾಪ್ ಎಂದರೆ ಅರವತ್ತನಾಲ್ಕನೆಯ ಒಂದು ಪಾಲು ಬೆಳಕು ಮಾತ್ರ ಒಳಬರಬೇಕು.

ಸ್ಥಿರ ಛಾಯಾಗ್ರಹಣಕ್ಕೆ, ಅದರಲ್ಲೂ ಜಲಪಾತದ ಮುಂದೆ ಟ್ರೈಪಾಡ್ ಇಟ್ಟು ಸಾವಧಾನವಾಗಿ ತೆಗೆಯುವ ಚಿತ್ರಗಳಿಗೆ, ಒಂದೇ ಸಾಂದ್ರತೆಯ ಎನ್‌ಡಿ (ನ್ಯೂಟ್ರಲ್ ಡೆನ್ಸಿಟಿ, ಬಣ್ಣ ಬದಲಿಸದೆ ಬೆಳಕನ್ನಷ್ಟೇ ತಗ್ಗಿಸುವ) ಫಿಲ್ಟರೇ ಉತ್ತಮವೆಂಬುದು ನನ್ನ ಅಭಿಪ್ರಾಯ. ಅಲ್ಲಿ ಶಟರನ್ನು ಹೊಂದಿಸಿಕೊಳ್ಳಬಹುದು, ಕಾಯಲೂಬಹುದು. ಆದರೆ ನಾನು ಹೆಚ್ಚಾಗಿ ಚಿತ್ರೀಕರಿಸುವುದು ಕರಾವಳಿಯ ಕಂಬಳವನ್ನು. ಕೋಣಗಳು ಕರೆಗೆ, ಎಂದರೆ ಓಟದ ಕೆಸರುಗದ್ದೆಗೆ ಇಳಿದು ಅದರ ಕೊನೆಯಾದ ಮಂಜೊಟ್ಟಿ ತಲುಪುವುದರೊಳಗೆ ಮೋಡ ಬಂದು ಹೋಗಬಹುದು. ಹಗ್ಗದ ಓಟ ಮುಗಿದು ನೀರನ್ನು ಎತ್ತರಕ್ಕೆ ಚಿಮ್ಮಿಸುವ ಕನೆಹಲಗೆ ಬಂದಾಗ ಕ್ಯಾಮೆರಾ ನೀರಿನ ಮಟ್ಟದಿಂದ, ಆ ನೀರು ಮುಟ್ಟಬೇಕಾದ ಗುರುತಾದ ನಿಶಾನೆಯ ಎತ್ತರಕ್ಕೆ, ಎಂದರೆ ಆಕಾಶದತ್ತ ತಿರುಗಬೇಕು. ಫಿಲ್ಟರ್ ಬಿಚ್ಚಿ ಇನ್ನೊಂದನ್ನು ತಿರುಗಿಸಿ ಹಾಕಲು ಅಲ್ಲಿ ಸಮಯವಿಲ್ಲ. ಒಂದು ಬಳೆಯನ್ನು ತಿರುಗಿಸಿ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ವೇರಿಯಬಲ್ ಎನ್‌ಡಿಯೇ ಅಲ್ಲಿಗೆ ಸರಿಯಾದ ಉಪಕರಣ.

ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ವೇರಿಯಬಲ್ ಎನ್‌ಡಿಯಲ್ಲಿ ಎರಡು ಪೋಲರೈಸರ್‌ಗಳು, ಎಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಗಾಜುಗಳು ಇರುತ್ತವೆ. ಹಿಂದಿನದು ಲೆನ್ಸಿಗೆ ಅಂಟಿಕೊಂಡು ನಿಲ್ಲುತ್ತದೆ, ಮುಂದಿನದು ತಿರುಗುತ್ತದೆ. ಇದರ ತೊಂದರೆ ಕಂಬಳದ ಕರೆಯಲ್ಲಿ ಎದ್ದು ಕಾಣುತ್ತದೆ. ನೀರಿನ ಮೇಲಿಂದ ಓರೆಯಾಗಿ ಪ್ರತಿಫಲಿಸುವ ಬೆಳಕು ಬಹುಮಟ್ಟಿಗೆ ಅಡ್ಡಲಾಗಿ ಧ್ರುವೀಕರಣಗೊಂಡಿರುತ್ತದೆ, ಎಂದರೆ ಅಡ್ಡ ದಿಕ್ಕಿನಲ್ಲೇ ಕಂಪಿಸುತ್ತಿರುತ್ತದೆ. ನೀರಿನ ಮಟ್ಟಕ್ಕೆ ಲಂಬವಾದ ಗೆರೆಯಿಂದ ಸುಮಾರು 53 ಡಿಗ್ರಿಯ ಓರೆಯಲ್ಲಿ ಅದು ಪೂರ್ಣವಾಗಿ ಧ್ರುವೀಕೃತ. ಸೂರ್ಯನಿಂದ 90 ಡಿಗ್ರಿ ದೂರದ ನೀಲಿ ಆಕಾಶದ ಬೆಳಕೂ ಬಲವಾಗಿ ಧ್ರುವೀಕೃತವೇ. ಆದ್ದರಿಂದ ಮುಂದಿನ ಪೋಲರೈಸರ್ ತಿರುಗಿದಂತೆಲ್ಲ ಕರೆಯ ನೀರಿನ ಹೊಳಪು, ಒದ್ದೆಯಾದ ಕೋಣದ ಬೆನ್ನಿನ ಮಿಂಚು, ನಿಶಾನೆಯ ಹಿಂದಿನ ಆಕಾಶದ ನೀಲಿ ಇವೆಲ್ಲ ಬೇರೆ ಬೇರೆ ಪ್ರಮಾಣದಲ್ಲಿ ಬದಲಾಗುತ್ತವೆ. ಒಂದು ಸ್ಟಾಪ್ ಬೆಳಕು ತಗ್ಗಿಸಲು ಹೊರಟರೆ ದೃಶ್ಯದ ಸ್ವರೂಪವೇ ಬೇರೆಯಾಗುತ್ತದೆ, ಮತ್ತು ಸಂಕಲನದ ಮೇಜಿನಲ್ಲಿ ಎರಡು ಶಾಟ್‌ಗಳು ಒಂದಕ್ಕೊಂದು ಹೊಂದುವುದಿಲ್ಲ. ಬೆಳಕಿನ ಬಳೆ ಬೆಳಕನ್ನು ಮಾತ್ರ ಬದಲಾಯಿಸಬೇಕು ಎಂಬ ಒಂದೇ ಉದ್ದೇಶದಿಂದ ಈ ಜೋಡಣೆಯನ್ನು ಕೈಗೆತ್ತಿಕೊಂಡೆ.

ಇದರ ಕೀಲಿ ಸರ್ಕ್ಯುಲರ್ ಪೋಲರೈಸರ್, ಎಂದರೆ ಎಲ್ಲರೂ ಸಿಪಿಎಲ್ ಎನ್ನುವ ಫಿಲ್ಟರಿನ ಒಳರಚನೆಯಲ್ಲಿದೆ. ಸಿಪಿಎಲ್‌ನ ಗಾಜು ಒಂದೇ ತುಂಡಿನಂತೆ ಕಂಡರೂ ಅದರೊಳಗೆ ಎರಡು ಪದರಗಳಿವೆ: ದೃಶ್ಯದ ಕಡೆಗೆ ಒಂದು ನೇರ ದಿಕ್ಕಿನ ಬೆಳಕನ್ನು ಬಿಡುವ ಸಾಮಾನ್ಯ ಲೀನಿಯರ್ ಪೋಲರೈಸರ್, ಕ್ಯಾಮೆರಾದ ಕಡೆಗೆ ಅದರ ಅಕ್ಷಕ್ಕೆ (ಬೆಳಕು ಬಿಡುವ ದಿಕ್ಕಿಗೆ) 45 ಡಿಗ್ರಿಯಲ್ಲಿ ಕೂರಿಸಿದ, ಆ ಬೆಳಕನ್ನು ವೃತ್ತೀಯವಾಗಿಸುವ ಕಾಲುತರಂಗ ಪದರ (ಕ್ವಾರ್ಟರ್ ವೇವ್ ಪ್ಲೇಟ್). ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾಗಳ ಅರೆಪಾರಕ ಕನ್ನಡಿ ಮತ್ತು ಫೋಕಸ್ ಸೆನ್ಸರ್‌ಗಳು ಲೀನಿಯರ್ ಬೆಳಕಿನಿಂದ ದಾರಿ ತಪ್ಪದಿರಲೆಂದು ಈ ಎರಡನೆಯ ಪದರವನ್ನು ಸೇರಿಸಲಾಯಿತು. ಎರಡು ಸಿಪಿಎಲ್‌ಗಳನ್ನು ಹಾಗೆಯೇ ಒಂದರ ಮೇಲೊಂದು ತಿರುಗಿಸಿ ಹಾಕಿದರೆ ವೇರಿಯಬಲ್ ಎನ್‌ಡಿ ಆಗುವುದಿಲ್ಲ. ಮುಂದಿನದರಿಂದ ಹೊರಬರುವ ಬೆಳಕು ವೃತ್ತೀಯವಾಗಿ ಧ್ರುವೀಕರಣಗೊಂಡು ಅದರ ಕಂಪನದ ದಿಕ್ಕು ಸುತ್ತುತ್ತಲೇ ಇರುವುದರಿಂದ ಹಿಂದಿನದನ್ನು ಯಾವ ಕೋನಕ್ಕೆ ತಿರುಗಿಸಿದರೂ ಅರ್ಧ ಬೆಳಕು ಹಾದುಹೋಗುತ್ತದೆ. ಬಣ್ಣ ಮಾತ್ರ ತುಸು ಅತ್ತಿತ್ತ ಆಗುತ್ತದೆ.

ಮುಂದಿನ ಸಿಪಿಎಲ್‌ನ ಗಾಜನ್ನು ಬಿಚ್ಚಿ, ತಿರುವಿ, ಎಂದರೆ ಹಿಂದಿನ ಮುಖ ಮುಂದೆ ಬರುವಂತೆ ಮಗುಚಿ ಕೂರಿಸಿದರೆ ಎರಡು ಕೆಲಸಗಳು ಒಟ್ಟಿಗೇ ಆಗುತ್ತವೆ. ಎರಡೂ ಲೀನಿಯರ್ ಪದರಗಳು ಎದುರುಬದುರಾಗಿ, 1809ರಲ್ಲಿ ಫ್ರಾನ್ಸಿನ ಎತಿಯೆನ್ ಲೂಯಿ ಮಾಲುಸ್ ಕಂಡುಹಿಡಿದ ನಿಯಮದಂತೆ, ಅವುಗಳ ನಡುವಣ ಕೋನದ ಕೊಸೈನ್‌ನ ವರ್ಗಕ್ಕೆ ಸರಿಯಾಗಿ ಬೆಳಕು ತಗ್ಗುತ್ತದೆ. ಇದರೊಂದಿಗೆ ಮುಂದಿನ ಕಾಲುತರಂಗ ಪದರ ದೃಶ್ಯಕ್ಕೆ ಮುಖಮಾಡುತ್ತದೆ. ನೀರಿನಿಂದಾಗಲಿ ಆಕಾಶದಿಂದಾಗಲಿ ಬರುವ ಲೀನಿಯರ್ ಬೆಳಕು ಮೊದಲು ಆ ಪದರವನ್ನು ದಾಟಿ ಬರುವುದರಿಂದ, ಅದು ಯಾವ ಕೋನದಲ್ಲಿದ್ದರೂ ಅದರ ಅರ್ಧ ಪಾಲು ಮಾತ್ರ ಪೋಲರೈಸರನ್ನು ಹಾಯುತ್ತದೆ. ಅಲ್ಲಿಗೆ ಫಿಲ್ಟರ್ ಎಷ್ಟೇ ತಿರುಗಲಿ, ನೀರಿನ ಹೊಳಪಿನ ಪಾಲು ಬದಲಾಗಲು ಕಾರಣವಿಲ್ಲ. ನಾನು ಮಾಡಿದ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಹೆಜ್ಜೆ ಬೇರೊಂದಿಲ್ಲ.

ನನ್ನ ಲೆನ್ಸಿನ ಥ್ರೆಡ್ 67 ಮಿ.ಮೀ. ಅಗಲಕೋನದಲ್ಲಿ ಅಂಚುಗಳು ಕಪ್ಪಾಗದಿರಲೆಂದು ಹಿಂದಿನದಕ್ಕೆ 77 ಮಿ.ಮೀ., ಮುಂದಿನದಕ್ಕೆ 82 ಮಿ.ಮೀ. ಸಿಪಿಎಲ್ ಆರಿಸಿ, ನಡುವೆ 67ರಿಂದ 77ಕ್ಕೆ ಮತ್ತು 77ರಿಂದ 82ಕ್ಕೆ ಏರಿಸುವ ಸ್ಟೆಪ್‌ಅಪ್ ರಿಂಗ್‌ಗಳನ್ನು ಹಾಕಿದೆ. ಕೊಳ್ಳುವಾಗ ನೋಡಲೇಬೇಕಾದ ಸಂಗತಿಯೆಂದರೆ, ಗಾಜನ್ನು ಹಿಡಿದಿಡುವ ಒಳಬಳೆಯಲ್ಲಿ ಎದುರುಬದುರಾಗಿ ಎರಡು ಸಣ್ಣ ಕಚ್ಚುಗಳು ಇರಬೇಕು. ಕೆಲವು ಅಗ್ಗದ ಫಿಲ್ಟರ್‌ಗಳಲ್ಲಿ ಗಾಜನ್ನು ಅಂಟಿನಿಂದ ಕೂರಿಸಿರುತ್ತಾರೆ. ಅವನ್ನು ಬಿಚ್ಚಲು ಹೋದರೆ ಗಾಜು ಒಡೆಯುತ್ತದೆ.

ಒಳಬಳೆಯನ್ನು ಬಿಚ್ಚಲು ಲೆನ್ಸ್ ಸ್ಪ್ಯಾನರ್ ಬೇಕು. ಅದರ ಬದಲು ಮಕ್ಕಳ ಜ್ಯಾಮಿಟ್ರಿ ಬಾಕ್ಸಿನ ಡಿವೈಡರ್ ಸಾಕಾಗುತ್ತದೆ, ಅದರ ಎರಡು ಮೊನೆಗಳನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿಕೊಂಡರೆ. ಗಾಜಿನ ಮೇಲೆ ದಪ್ಪ ಕಾಗದವನ್ನು ದುಂಡಗೆ ಕತ್ತರಿಸಿ ಇಟ್ಟು, ಡಿವೈಡರ್‌ನ ಮೊನೆಗಳನ್ನು ಕಚ್ಚುಗಳಲ್ಲಿ ಊರಿ, ಬಲವನ್ನು ಕೆಳಮುಖವಾಗಿ ಹಾಕುತ್ತ ನಿಧಾನವಾಗಿ ತಿರುಗಿಸಬೇಕು. ಬಳೆ ಸಡಿಲಾದ ಮೇಲೆ ಫಿಲ್ಟರನ್ನು ಮೆತ್ತನೆಯ ಬಟ್ಟೆಯ ಮೇಲೆ ಕವುಚಿದರೆ ಗಾಜು ತಾನಾಗಿ ಇಳಿಯುತ್ತದೆ. ಈ ಗಾಜು ಎರಡು ತೆಳು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರಗಳನ್ನು ಅಂಟಿಸಿದ ಜೋಡಣೆಯಾದ್ದರಿಂದ ಅಂಚಿನಲ್ಲಿ ಆಲ್ಕೊಹಾಲ್ ಅಥವಾ ಬೇರೆ ದ್ರಾವಕ ತಗಲಬಾರದು. ಅಂಟು ಬಿಟ್ಟು ಅಂಚಿನಿಂದ ಒಳಕ್ಕೆ ಬಿಳಿ ಮಚ್ಚೆ ಹರಡುತ್ತದೆ. ಬ್ಲೋವರಿನ ಗಾಳಿ ಮತ್ತು ಒಣ ಮೈಕ್ರೋಫೈಬರ್ ಬಟ್ಟೆ, ಇವೆರಡೇ ಸಾಕು.

ಗಾಜು ನಿಜಕ್ಕೂ ತಿರುವಿದೆಯೇ ಎಂದು ತಿಳಿಯಲು ಕನ್ನಡಿಯೊಂದು ಇದ್ದರೆ ಸಾಕು. ಕಾಲುತರಂಗ ಪದರವಿರುವ ಮುಖವನ್ನು ಕನ್ನಡಿಯ ಮೇಲೆ ಕವುಚಿಟ್ಟರೆ ಗಾಜಿನೊಳಗಿಂದ ಕಾಣುವ ಕನ್ನಡಿ ಗಾಢ ನೀಲಿಗಪ್ಪಾಗುತ್ತದೆ. ಇನ್ನೊಂದು ಮುಖವನ್ನು ಕೆಳಗಿಟ್ಟರೆ ಬೆಳ್ಳಗೇ ಇರುತ್ತದೆ. ಬಿಚ್ಚುವ ಮೊದಲು ಫಿಲ್ಟರಿನ ಲೆನ್ಸ್ ಕಡೆಯ ಮುಖ ಕಪ್ಪಾಗುತ್ತಿತ್ತು. ತಿರುವಿ ಕೂರಿಸಿದ ಮೇಲೆ ಮುಂದಿನ ಮುಖ ಕಪ್ಪಾಯಿತು. ಕಂಪ್ಯೂಟರಿನ ಎಲ್‌ಸಿಡಿ ಪರದೆಯಿಂದಲೂ ಇದನ್ನೇ ಪರೀಕ್ಷಿಸಬಹುದು. ಪರದೆಯ ಬೆಳಕು ಲೀನಿಯರ್ ಆಗಿರುವುದರಿಂದ, ಹಿಂದಿನ ಸಾಮಾನ್ಯ ಸಿಪಿಎಲ್ ಅನ್ನು ಅದರ ಮುಂದೆ ತಿರುಗಿಸಿದಾಗ ಬಿಳಿ ಪುಟ ಪೂರ್ತಿ ಕಪ್ಪಾಗುತ್ತದೆ, ತಿರುವಿದ ಸಿಪಿಎಲ್ ಅನ್ನು ತಿರುಗಿಸಿದಾಗ ಆಗುವುದಿಲ್ಲ. ಆದರೆ ಸೂಕ್ಷ್ಮವಾಗಿ ನೋಡಿದರೆ ಬಿಳಿ ಪುಟ ಒಂದು ಕೋನದಲ್ಲಿ ತುಸು ಹಳದಿಗೆಂಪಿಗೂ, ಅದರಿಂದ 90 ಡಿಗ್ರಿ ದೂರದಲ್ಲಿ ತುಸು ನೀಲಿಗೂ ಹೊರಳುತ್ತದೆ.

ಈ ಹೊರಳುವಿಕೆಯ ಕಾರಣವನ್ನು ತಿಳಿದುಕೊಳ್ಳದೆ ಮುಂದಿನ ಹೆಜ್ಜೆ ಇಡುವಂತಿಲ್ಲ. ಕಾಲುತರಂಗ ಪದರ ಸರಿಯಾಗಿ ಕಾಲು ತರಂಗದಷ್ಟು ಇರುವುದು ಒಂದು ತರಂಗಾಂತರಕ್ಕೆ ಮಾತ್ರ. ಸಾಮಾನ್ಯವಾಗಿ ಅದು ಹಸಿರು ಬೆಳಕಿನ 550 ನ್ಯಾನೊಮೀಟರ್ ಸುತ್ತಮುತ್ತ. ನೀಲಿಗೆ ಅದು ತುಸು ಹೆಚ್ಚು, ಕೆಂಪಿಗೆ ತುಸು ಕಡಿಮೆ. ಹೀಗಾಗಿ ಕೆಂಪು ಮತ್ತು ನೀಲಿ ಬೆಳಕಿನಲ್ಲಿ ಹಳೆಯ ತೊಂದರೆಯ ಸ್ವಲ್ಪ ಅಂಶ ಉಳಿದುಕೊಳ್ಳುತ್ತದೆ, ಅದೂ ಪರಸ್ಪರ ವಿರುದ್ಧ ದಿಕ್ಕಿನಲ್ಲಿ. ಆದರೆ ಒಳಬರುವ ಬೆಳಕಿನ ಧ್ರುವೀಕರಣದ ದಿಕ್ಕು ಮುಂದಿನ ಪೋಲರೈಸರಿನ ಅಕ್ಷಕ್ಕೆ ಸರಿಯಾಗಿ 45 ಡಿಗ್ರಿಯಲ್ಲಿದ್ದರೆ ಈ ಉಳಿಕೆಯೂ ಎಲ್ಲ ಬಣ್ಣಗಳಿಗೂ ಶೂನ್ಯವಾಗುತ್ತದೆ. ನೀರಿನ ಹೊಳಪು ಯಾವಾಗಲೂ ಅಡ್ಡಲಾಗಿಯೇ ಧ್ರುವೀಕೃತವಾಗಿರುವುದರಿಂದ, ಮುಂದಿನ ಗಾಜಿನ ಅಕ್ಷ ದಿಗಂತಕ್ಕೆ 45 ಡಿಗ್ರಿಯ ಹತ್ತಿರ ಇರುವಂತೆ ಜೋಡಿಸಿಕೊಂಡರೆ ಸಾಕು.

ತಿರುಗುವ ಗಾಜನ್ನು 45 ಡಿಗ್ರಿಯಲ್ಲಿ ಹಿಡಿದಿಡುವುದು ಹೇಗೆ? ಇಲ್ಲಿ ಮಾಲುಸ್ ನಿಯಮವೇ ನೆರವಿಗೆ ಬರುತ್ತದೆ. ಎರಡೂ ಅಕ್ಷಗಳು ಒಂದೇ ದಿಕ್ಕಿನಲ್ಲಿರುವ ಸ್ಥಾನವನ್ನು ಸೊನ್ನೆ ಎಂದುಕೊಂಡರೆ, ಮೊದಲ ಸ್ಟಾಪ್ ಬೆಳಕು ತಗ್ಗಲು 45 ಡಿಗ್ರಿ ತಿರುಗಿಸಬೇಕು. ಎರಡನೆಯದಕ್ಕೆ 60, ಮೂರನೆಯದಕ್ಕೆ 69.3, ನಾಲ್ಕನೆಯದಕ್ಕೆ 75.5, ಐದನೆಯದಕ್ಕೆ 79.8, ಆರನೆಯದಕ್ಕೆ 82.8 ಡಿಗ್ರಿ. 82 ಮಿ.ಮೀ. ಫಿಲ್ಟರಿನ ಹೊರ ಅಂಚು ಸುಮಾರು 86 ಮಿ.ಮೀ. ವ್ಯಾಸದ್ದು, ಎಂದರೆ ಅಂಚಿನ ಮೇಲೆ ಒಂದು ಡಿಗ್ರಿಗೆ ಮುಕ್ಕಾಲು ಮಿಲಿಮೀಟರ್. ಮೊದಲ ಸ್ಟಾಪಿಗೆ ಬೆರಳು 34 ಮಿ.ಮೀ. ಸರಿಯಬೇಕು, ಐದನೆಯದಕ್ಕೆ ಮೂರು ಮಿ.ಮೀ.ಗೆ ತುಸು ಹೆಚ್ಚು, ಆರನೆಯದಕ್ಕೆ ಎರಡೂಕಾಲು ಮಾತ್ರ. ಕೈಯಲ್ಲಿ ನಿಖರವಾಗಿ ಹೊಂದಿಸಲು ಇದು ಅನನುಕೂಲವೇ ಆದರೂ ನಮ್ಮ ಇನ್ನೊಂದು ಸಮಸ್ಯೆಗೆ ಅದೇ ಪರಿಹಾರ. ಬಿಸಿಲಿನ ಕೆಲಸವೆಲ್ಲ 60ರಿಂದ 80 ಡಿಗ್ರಿಯೊಳಗೆ ನಡೆಯುತ್ತದೆ. ಅದರ ನಡುಮಧ್ಯವಾದ 70 ಡಿಗ್ರಿಯಲ್ಲಿ ಮುಂದಿನ ಅಕ್ಷ ದಿಗಂತಕ್ಕೆ 45 ಡಿಗ್ರಿ ಇರುವಂತೆ ಹಿಂದಿನ ಗಾಜನ್ನು ಬಿಗಿದುಬಿಟ್ಟರೆ, ಬಳಕೆಯ ಉದ್ದಕ್ಕೂ ಅಕ್ಷ ಅತ್ತ ಹತ್ತು ಡಿಗ್ರಿ, ಇತ್ತ ಹತ್ತು ಡಿಗ್ರಿಯೊಳಗೇ ಉಳಿಯುತ್ತದೆ.

ಅಕ್ಷವನ್ನು ಹುಡುಕಲು ನುಣುಪಾದ ಗ್ರಾನೈಟ್ ನೆಲದ ಮೇಲೆ ಕಿಟಕಿಯ ಬೆಳಕು ಓರೆಯಾಗಿ ಹೊಳೆಯುವ ಜಾಗವನ್ನು ಆರಿಸಿಕೊಂಡೆ. ತಿರುವಿದ ಫಿಲ್ಟರನ್ನು ಹಿಂದುಮುಂದಾಗಿ, ಎಂದರೆ ಥ್ರೆಡ್ ಇರುವ ಬದಿ ನೆಲದ ಕಡೆಗೆ ಬರುವಂತೆ ಹಿಡಿದು ನೋಡುತ್ತ ತಿರುಗಿಸಿದಾಗ ನೆಲದ ಹೊಳಪು ಪೂರ್ತಿ ಅಡಗುವ ಸ್ಥಾನವೊಂದು ಸಿಗುತ್ತದೆ. ಆಗ ಅಕ್ಷ ನೆಟ್ಟಗೆ ನಿಂತಿದೆ ಎಂದರ್ಥ. ತಿರುಗುವ ಬಳೆಯ ಮೇಲ್ತುದಿಯಲ್ಲಿ ಬಿಳಿ ಬಣ್ಣದ ಚುಕ್ಕೆ ಇಟ್ಟೆ.

ಬಳಿಕ ಎರಡನ್ನೂ ಲೆನ್ಸಿಗೆ ಹಾಕಿ, ಮೊದಲು ಅತಿ ಕತ್ತಲಿನ ಸ್ಥಾನವನ್ನು ಹುಡುಕಿದೆ. ಅತಿ ಬೆಳಕಿನ ಸ್ಥಾನವನ್ನು ಕಣ್ಣು ಗುರುತಿಸಲಾರದು, ಏಕೆಂದರೆ ಅಲ್ಲಿ ಹತ್ತು ಡಿಗ್ರಿ ಅತ್ತಿತ್ತ ಆದರೂ ವ್ಯತ್ಯಾಸ ತಿಳಿಯುವುದಿಲ್ಲ; ಕತ್ತಲಿನ ಸ್ಥಾನ ಖಚಿತವಾಗಿ ಒಂದೇ ಕಡೆ ಸಿಗುತ್ತದೆ. ಅಲ್ಲಿಂದ 20 ಡಿಗ್ರಿ, ಎಂದರೆ ಅಂಚಿನ ಮೇಲೆ 15 ಮಿ.ಮೀ. ಹಿಂದೆ ಬಂದರೆ 70 ಡಿಗ್ರಿಯ ಸ್ಥಾನ. ಆ ಸಂಬಂಧ ಕದಲದಂತೆ ಎರಡನ್ನೂ ಒಟ್ಟಿಗೆ ತಿರುಗಿಸಿ, ಬಿಳಿ ಚುಕ್ಕೆ ಮೇಲ್ತುದಿಯಿಂದ 45 ಡಿಗ್ರಿ ಎಡಕ್ಕೆ ಬಂದಾಗ ಹಿಂದಿನ ಫಿಲ್ಟರಿನ ತಿರುಗುವ ಮತ್ತು ತಿರುಗದ ಬಳೆಗಳ ಮೇಲೆ ಸೇರಿಸಿ ಒಂದು ಗೀರು ಎಳೆದುಕೊಂಡೆ. ಲೆನ್ಸಿನಿಂದ ತೆಗೆದ ಮೇಲೆ ಆ ಗೀರನ್ನು ಕೂಡಿಸಿ, ಎರಡು ಬಳೆಗಳ ನಡುವಣ ಸಂದಿನ ಮೇಲೆ ಮೂರು ಕಡೆ ಅರಾಲ್ಡೈಟ್‌ನ ಸಣ್ಣ ಬೊಟ್ಟು ಇಟ್ಟು ಒಂದು ರಾತ್ರಿ ಬಿಟ್ಟೆ. ಇಲ್ಲಿ ಫೆವಿಕ್ವಿಕ್ ಬಗೆಯ ತಕ್ಷಣದ ಅಂಟನ್ನು ಬಳಸಕೂಡದು. ಅದರ ಆವಿ ಗಾಜಿನ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ, ಮತ್ತು ನೀರಿನಂತೆ ತೆಳ್ಳಗಿರುವುದರಿಂದ ಸಂದಿನೊಳಗೆ ಎಲ್ಲಿಗೆ ಹರಿಯುತ್ತದೆಂದು ಹೇಳಲಾಗದು.

ಗಾಜಿನ ಒಳಬಳೆಯನ್ನು ಮರಳಿ ಬಿಗಿಯುವಾಗ ಒಂದು ವಿಚಿತ್ರವನ್ನು ಕಣ್ಣಾರೆ ಕಾಣಬಹುದು. ಎರಡೂ ಗಾಜುಗಳನ್ನು ಕತ್ತಲಿನ ಸ್ಥಾನದಲ್ಲಿಟ್ಟು ಬೆಳಕಿನ ಎದುರು ಹಿಡಿದು, ಒಳಬಳೆಯನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಹೋದರೆ, ಒಂದು ಹಂತದಲ್ಲಿ ಅಂಚಿನ ಕೆಲವು ಕಡೆ ಕಪ್ಪಿನ ನಡುವೆ ಬೂದುಬೆಳಕಿನ ತೇಪೆಗಳು ಮೂಡುತ್ತವೆ. ಒತ್ತಡಕ್ಕೆ ಸಿಕ್ಕಿದ ಗಾಜು ಬೆಳಕಿನ ಧ್ರುವೀಕರಣವನ್ನು ಬದಲಾಯಿಸುತ್ತದೆ. ಎರಡು ಲೀನಿಯರ್ ಪದರಗಳ ನಡುವೆ ಸಿಕ್ಕಿಕೊಂಡಿರುವ ಗಾಜಿನಲ್ಲಿ ಅದು ಹೀಗೆ ಬೆಳಕಾಗಿ ಸೋರುತ್ತದೆ. ಬಳೆಯನ್ನು ಕೂದಲೆಳೆಯಷ್ಟು ಸಡಿಲಿಸಿದೊಡನೆ ತೇಪೆಗಳು ಮಾಯವಾಗುತ್ತವೆ. ಗಾಜು ಅಲುಗಾಡದಷ್ಟು, ಆದರೆ ತೇಪೆ ಮೂಡದಷ್ಟು ಬಿಗಿ ಇರಬೇಕು. ಕೊಂಡ ವೇರಿಯಬಲ್ ಎನ್‌ಡಿಗಳ ಮೂಲೆಗಳಲ್ಲಿ ಕಾಣುವ ಅಸಮ ಬೆಳಕಿಗೂ ಎಷ್ಟೋ ಸಲ ಇದೇ ಕಾರಣವಿರಬಹುದೆಂದು ನನಗೆ ಅನ್ನಿಸುತ್ತದೆ, ಆದ್ದರಿಂದ ಕೊಳ್ಳುವವರೂ ಈ ಪರೀಕ್ಷೆಯನ್ನು ಮಾಡಿ ನೋಡುವುದು ಒಳ್ಳೆಯದು.

ತಿರುಗುವ ಬಳೆಗೆ ಹಿತ್ತಾಳೆಯ ತಗಡಿನ ಒಂದು ಸಣ್ಣ ತುಂಡನ್ನು ಹಿಡಿಕೆಯಾಗಿ ಅಂಟಿಸಿ, ಕೆಳಗಿನ ಸ್ಟೆಪ್‌ಅಪ್ ರಿಂಗಿನ ಮೇಲೆ ಅದನ್ನು ತಡೆಯುವ ಎರಡು ತುಂಡುಗಳನ್ನು ಅಂಟಿಸಿದೆ. ಒಂದು ತಡೆ ಸೊನ್ನೆಯ ಸ್ಥಾನದಲ್ಲಿ; ಇನ್ನೊಂದು 80 ಡಿಗ್ರಿಯಲ್ಲಿ, ಎಂದರೆ ಪೂರ್ಣ ಕತ್ತಲಿಗೆ ಏಳೂವರೆ ಮಿ.ಮೀ. ಮೊದಲೇ. ಈ ಎರಡನೆಯ ತಡೆಯನ್ನು ಎಲ್ಲಿ ಇಡಬೇಕೆಂಬುದನ್ನು ತೀರ್ಮಾನಿಸಿದ್ದು ಮೂರು ಪರೀಕ್ಷೆಗಳ ಬಳಿಕ.

ಮೊದಲನೆಯದು ಅಳತೆ. ನೆರಳಿನಲ್ಲಿರುವ ಬಿಳಿ ಗೋಡೆಗೆ ಕ್ಯಾಮೆರಾ ಇಟ್ಟು, ಎಲ್ಲವನ್ನೂ ಮ್ಯಾನ್ಯುಅಲ್‌ನಲ್ಲಿ ಹೊಂದಿಸಿ, ಫಿಲ್ಟರ್ ಇಲ್ಲದೆ ಹಿಸ್ಟೋಗ್ರಾಮಿನ (ಚಿತ್ರದ ಬೆಳಕಿನ ಹಂಚಿಕೆಯ ನಕ್ಷೆಯ) ಶಿಖರ ಎಲ್ಲಿದೆಯೆಂದು ಗುರುತಿಸಿಕೊಂಡೆ. ಫಿಲ್ಟರ್ ಹಾಕಿ, ಶಟರನ್ನು ಒಂದೊಂದೇ ಸ್ಟಾಪ್ ನಿಧಾನ ಮಾಡುತ್ತ, ಶಿಖರ ಮತ್ತೆ ಅದೇ ಜಾಗಕ್ಕೆ ಬರುವವರೆಗೆ ಬಳೆ ತಿರುಗಿಸಿ ಗುರುತು ಹಾಕಿದೆ. ಸೊನ್ನೆಯ ಸ್ಥಾನದಲ್ಲೇ ಈ ಜೋಡಿ ಸುಮಾರು ಒಂದೂಮುಕ್ಕಾಲು ಸ್ಟಾಪ್ ತಿನ್ನುತ್ತದೆ. ಆದರ್ಶ ಪೋಲರೈಸರ್ ಕೂಡ ಅರ್ಧ ಬೆಳಕನ್ನು ತಡೆಯಲೇಬೇಕಾದ್ದರಿಂದ ಒಂದು ಸ್ಟಾಪಿಗಿಂತ ಕಡಿಮೆಯ ವೇರಿಯಬಲ್ ಎನ್‌ಡಿ ಈ ವಿಧಾನದಲ್ಲಿ ಸಾಧ್ಯವಿಲ್ಲ. 80 ಡಿಗ್ರಿಯಲ್ಲಿ ಒಟ್ಟು ಆರೂಮುಕ್ಕಾಲು ಸ್ಟಾಪ್. ಐಎಸ್‌ಒ 100ರಲ್ಲಿ ಎಫ್/2.8ಕ್ಕೆ ಬೇಕಾದ ಆರನ್ನು ಅದು ದಾಟುತ್ತದೆ.

ಎರಡನೆಯದು ಅಗಲಕೋನದ ಪರೀಕ್ಷೆ. ಗಾಜನ್ನು ಓರೆಯಾಗಿ ಹಾಯುವ ಕಿರಣಗಳಿಗೆ ಎರಡು ಅಕ್ಷಗಳ ನಡುವಣ ಕೋನ ನೇರ ಕಿರಣಗಳಿಗೆ ಇದ್ದಂತೆಯೇ ಇರುವುದಿಲ್ಲ. ಕತ್ತಲಿನ ಹತ್ತಿರ ಒಂದೆರಡು ಡಿಗ್ರಿಯ ವ್ಯತ್ಯಾಸವೂ ಒಂದು ಸ್ಟಾಪಿನಷ್ಟು ಬೆಳಕಾಗುವುದರಿಂದ ಚಿತ್ರದ ಮೇಲೆ ಮಸುಕಾದ ಕಪ್ಪು ಅಡ್ಡಪಟ್ಟಿ, ಇನ್ನೂ ಮುಂದೆ ಹೋದರೆ ಎಕ್ಸ್ ಆಕಾರ ಮೂಡುತ್ತದೆ. ಫುಲ್‌ಫ್ರೇಮ್‌ನಲ್ಲಿ 24 ಮಿ.ಮೀ. ಲೆನ್ಸಿನ ಕರ್ಣದ ನೋಟ 84 ಡಿಗ್ರಿ, 50 ಮಿ.ಮೀ.ನದು 47. ನನ್ನ ಪರೀಕ್ಷೆಯಲ್ಲಿ 24ರಲ್ಲಿ 80 ಡಿಗ್ರಿ ದಾಟುತ್ತಿದ್ದಂತೆ ಆಕಾಶದ ಮೂಲೆಗಳು ಅಸಮವಾದವು. 50ರಲ್ಲಿ ಇನ್ನೂ ಒಂದು ಸ್ಟಾಪ್ ಆಚೆಗೂ ಸಮವಾಗಿದ್ದವು. ಅಗಲಕೋನದವರಿಗೆ ನನ್ನ ಸಲಹೆಯೆಂದರೆ ಐದನೆಯ ಗುರುತಿನಲ್ಲೇ ನಿಲ್ಲಿಸುವುದು.

ಮೂರನೆಯದು ಬಣ್ಣ. ಈ ಪೋಲರೈಸರ್‌ಗಳಲ್ಲಿ ಹೆಚ್ಚಿನವು ಅಯೋಡಿನ್ ಹೀರಿಸಿ ಎಳೆದ ಪಾಲಿವಿನೈಲ್ ಆಲ್ಕೊಹಾಲ್ ಹಾಳೆಗಳು. ಅಕ್ಷಗಳು ಒಂದೇ ದಿಕ್ಕಿನಲ್ಲಿದ್ದಾಗ ಅವು ನೀಲಿಯನ್ನು ತುಸು ಹೆಚ್ಚು ಹೀರುವುದರಿಂದ ಚಿತ್ರಕ್ಕೆ ಹಳದಿ ಛಾಯೆ ಬರುತ್ತದೆ. ಅಡ್ಡವಾದಾಗ ನೀಲಿನೇರಳೆ ಬೆಳಕೂ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳೂ ಸೋರುತ್ತವೆ. ಬೂದುಬಣ್ಣದ ಕಾರ್ಡನ್ನು ಪ್ರತಿ ಗುರುತಿನಲ್ಲೂ ಚಿತ್ರಿಸಿ ಹೋಲಿಸಿದಾಗ ಮೂರರಿಂದ ಆರರವರೆಗೆ ಬಣ್ಣ ಬಹಳ ಹತ್ತಿರವಿತ್ತು, ಆದ್ದರಿಂದ ನಾಲ್ಕೂವರೆಯಲ್ಲಿ ಹಿಡಿದ ಕಸ್ಟಮ್ ವೈಟ್ ಬ್ಯಾಲೆನ್ಸ್ ಆ ಇಡೀ ವ್ಯಾಪ್ತಿಗೆ ಸಾಲುತ್ತದೆ. ಎಂಟು ಸ್ಟಾಪಿನ ಆಚೆ ಬಿಸಿಲಿನಲ್ಲಿಟ್ಟ ಕಪ್ಪು ಛತ್ರಿಯ ಬಟ್ಟೆ ಕಂದುಗೆಂಪಾಗಿ ಕಂಡಿತು. ಅದು ಅವಗೆಂಪಿನ ಸೋರಿಕೆ, ಮತ್ತು ಅದನ್ನು ವೈಟ್ ಬ್ಯಾಲೆನ್ಸಿನಿಂದ ಸರಿಪಡಿಸಲಾಗದು, ಏಕೆಂದರೆ ಅವಗೆಂಪನ್ನು ಪ್ರತಿಫಲಿಸದ ಕಪ್ಪು ಬಟ್ಟೆ ಪಕ್ಕದಲ್ಲೇ ಕಪ್ಪಾಗಿಯೇ ಇರುತ್ತದೆ. ಲಾಗ್ ಪ್ರೊಫೈಲಿನಲ್ಲಿ (ಬಣ್ಣವನ್ನು ಆಮೇಲೆ ತಿದ್ದಲೆಂದು ಮಂಕಾಗಿ ಚಿತ್ರೀಕರಿಸುವ ಬಗೆಯಲ್ಲಿ) ಐಎಸ್‌ಒ 800ರಿಂದ ಕೆಳಗಿಳಿಯದ ಕ್ಯಾಮೆರಾಗಳಿಗೆ ಒಂಬತ್ತು ಸ್ಟಾಪ್ ಬೇಕಾಗುತ್ತದೆ. ಅಲ್ಲಿ ಬಳೆಯನ್ನು ಕೊನೆಯವರೆಗೆ ತಳ್ಳುವ ಬದಲು ಲೆನ್ಸಿಗೆ ಮೊದಲು ಮೂರು ಸ್ಟಾಪಿನ ಸ್ಥಿರ ಎನ್‌ಡಿ8 ಹಾಕಿ, ಅದರ ಮೇಲೆ ಇದನ್ನು ಆರರಲ್ಲಿ ಬಳಸುವುದು ಸರಿಯಾದ ದಾರಿ.

ಕರೆಯ ಬದಿಯಲ್ಲಿ ಇದನ್ನು ಬಳಸಿದಾಗ ಬಯಸಿದ ಫಲವೇ ಸಿಕ್ಕಿತು. ಒಂದೇ ಚೌಕಟ್ಟಿನಲ್ಲಿ, ಎರಡು ಸ್ಟಾಪ್ ಅಂತರದ ಎರಡು ಸ್ಥಾನಗಳಲ್ಲಿ ತೆಗೆದ ತುಣುಕುಗಳನ್ನು ಸಮ ಬೆಳಕಿಗೆ ತಂದು ಪಕ್ಕಪಕ್ಕ ಇಟ್ಟರೆ ನೀರಿನ ಮೇಲಿನ ಆಕಾಶದ ಬಿಂಬವೂ ಕೋಣದ ಬೆನ್ನಿನ ಮೇಲಿನ ಬಿಸಿಲಿನ ಗೆರೆಯೂ ಒಂದೇ ರೀತಿ ಇವೆ. ಕನೆಹಲಗೆಯಿಂದ ಚಿಮ್ಮಿದ ನೀರು ನಿಶಾನೆಯ ಎತ್ತರಕ್ಕೆ ಏರುವಾಗ ಹಿಂದಿನ ಆಕಾಶದ ನೀಲಿ ಓಟದಿಂದ ಓಟಕ್ಕೆ ಬದಲಾಗುವುದಿಲ್ಲ. ಮೊಬೈಲಿಗಾಗಿ ಉದ್ದುದ್ದ ಚೌಕಟ್ಟಿನಲ್ಲಿ ತೆಗೆಯಲು ಕ್ಯಾಮೆರಾವನ್ನು 90 ಡಿಗ್ರಿ ಹೊರಳಿಸಿದರೂ ಮುಂದಿನ ಅಕ್ಷ ದಿಗಂತಕ್ಕೆ 45 ಡಿಗ್ರಿಯಲ್ಲೇ ಉಳಿಯುತ್ತದೆ, ಹಾಗಾಗಿ ಅಲ್ಲಿಯೂ ಏನನ್ನೂ ಬದಲಾಯಿಸಬೇಕಿಲ್ಲ. ಬೇರೆ ಲೆನ್ಸಿಗೆ ಹಾಕುವಾಗ ಮಾತ್ರ ಥ್ರೆಡ್ ಬಿಗಿಯಾಗುವ ಸ್ಥಾನ ಬೇರೆಯಾಗುವುದರಿಂದ, ಬಿಳಿ ಚುಕ್ಕೆ ಎಲ್ಲಿ ನಿಂತಿದೆಯೆಂದು ನೋಡಿಕೊಳ್ಳಬೇಕು.

ಮುಖದ ಮೇಲೆ ಬೀಳುವ ಬೆಳಕಿಗೂ ಇದರಿಂದ ಪ್ರಯೋಜನವಿದೆ. ಸಾಮಾನ್ಯ ವೇರಿಯಬಲ್ ಎನ್‌ಡಿ ಕೆಲವು ಕೋನಗಳಲ್ಲಿ ಬೆವರಿನ ಹೊಳಪನ್ನು ಅಳಿಸಿ ಚರ್ಮವನ್ನು ನಿರ್ಜೀವವಾಗಿಸುತ್ತದೆ. ಓಟ ಮುಗಿಸಿ ಬಂದವರ ಮಾತನ್ನು ದಾಖಲಿಸುವಾಗ ನನಗೆ ಆ ಹೊಳಪು ಬೇಕು. ಹೊಳಪನ್ನು ಅಳಿಸಲೇಬೇಕಾದ ಸಂದರ್ಭಗಳಿಗೆ, ಉದಾಹರಣೆಗೆ ನೀರಿನ ತಳ ಕಾಣಬೇಕಾದಾಗ, ಈ ಜೋಡಣೆ ಕೆಲಸಕ್ಕೆ ಬಾರದು. ಅಲ್ಲಿ ಸಾಮಾನ್ಯ ಸಿಪಿಎಲ್ ಮತ್ತು ಸ್ಥಿರ ಎನ್‌ಡಿ ಬೇಕು.

ಟೆಲಿ ಲೆನ್ಸಿನ ಬಗ್ಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಅಂಟಿಸಿದ ಪದರಗಳ ಗಾಜು ಪೂರ್ತಿ ಸಮತಲವಾಗಿರುವುದು ಅಪರೂಪ. ದೂರದ ಫಲಕವೊಂದರ ಅಕ್ಷರಗಳನ್ನು ಫಿಲ್ಟರ್ ಇದ್ದಾಗ ಮತ್ತು ಇಲ್ಲದಾಗ ತೆಗೆದು ಪೂರ್ಣ ಗಾತ್ರದಲ್ಲಿ ಹೋಲಿಸಿದಾಗ 70 ಮಿ.ಮೀ.ವರೆಗೆ ವ್ಯತ್ಯಾಸ ಕಾಣಲಿಲ್ಲ, 200 ಮಿ.ಮೀ.ನಲ್ಲಿ ಅಕ್ಷರದ ಅಂಚುಗಳು ಸ್ಪಷ್ಟವಾಗಿ ಮೆತ್ತಗಾದವು. ಜೊತೆಗೆ ಎರಡು ಗಾಜುಗಳಿಂದ ಗಾಳಿಗೆ ತೆರೆದ ನಾಲ್ಕು ಮುಖಗಳು ಸೇರಿಕೊಳ್ಳುವುದರಿಂದ, ಮತ್ತು ಲೇಪನವಿಲ್ಲದ ಪ್ರತಿ ಮುಖವೂ ಸುಮಾರು ಶೇ 4ರಷ್ಟು ಬೆಳಕನ್ನು ಹಿಂದಕ್ಕೆ ಎಸೆಯುವುದರಿಂದ, ಸೂರ್ಯ ಎದುರಿಗಿದ್ದಾಗ ಒಳಪ್ರತಿಫಲನದ ಮಚ್ಚೆಗಳು ಬೇಗ ಮೂಡುತ್ತವೆ. 82 ಮಿ.ಮೀ. ಥ್ರೆಡ್ಡಿಗೆ ಲೆನ್ಸ್ ಹುಡ್ ಹಾಕಿದರೆ ಅದು ಗಾಜಿನೊಂದಿಗೆ ತಿರುಗಿ ತೊಡಕಾಗುತ್ತದೆ, ಆದ್ದರಿಂದ ಮಂದಗಪ್ಪು ಫೋಮ್ ಹಾಳೆಯನ್ನು ಸುತ್ತಿ ಕ್ಯಾಮೆರಾದ ಕೇಜಿಗೆ (ಸುತ್ತಲಿನ ಚೌಕಟ್ಟಿಗೆ) ಕಟ್ಟಿದ್ದೇನೆ. ಬಳೆ ಅದರೊಳಗೆ ಸಲೀಸಾಗಿ ತಿರುಗುತ್ತದೆ, ಹಿತ್ತಾಳೆಯ ಹಿಡಿಕೆಗೆಂದು ಕತ್ತರಿಸಿದ ಸೀಳಿನಿಂದ ಬೆರಳಿಗೂ ಸಿಗುತ್ತದೆ.